ರೇಡಿಯೇಟರಿಗೆ ಹಾಕಿದ ಅರಿಶಿನ

ಡೊಂಬಿವಲಿ ಪೂರ್ವದಲ್ಲಿ ನಮ್ಮ ಕರಾವಳಿಯ ಕಡೆಯವರ ಮದುವೆಯೋ ಗೃಹಪ್ರವೇಶವೋ ನಡೆದರೆ ಅಡುಗೆ ವಸಂತಕುಮಾರನದೇ. ಇದು ಅವನೇ ಹೇಳಿಕೊಳ್ಳುವ ಮಾತಾದರೂ ಬಹುಮಟ್ಟಿಗೆ ನಿಜ. ಕಾರ್ಕಳದ ಹತ್ತಿರದ ಒಂದು ಹಳ್ಳಿಯಿಂದ ಬಂದು, ಠಾಣೆಯ ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಶುರುಮಾಡಿ, ದೋಸೆ ಕಾವಲಿ, ಸಾಂಬಾರಿನ ಹಂಡೆ ಎಲ್ಲವನ್ನೂ ದಾಟಿ, ನಲವತ್ತರ ಹೊತ್ತಿಗೆ ಸ್ವಂತವಾಗಿ ಅಡುಗೆ ಕಂಟ್ರಾಕ್ಟ್ ಹಿಡಿದವನು. ಕೈ ಒಳ್ಳೆಯದು. ಬಾಯಿ ಮಾತ್ರ ಸ್ವಲ್ಪ ಹೆಚ್ಚು. ಅನ್ನ ಮುದ್ದೆಯಾದರೆ ಅಕ್ಕಿ ಸರಿಯಿಲ್ಲ, ಸಾಂಬಾರು ತೆಳ್ಳಗಾದರೆ ಬೇಳೆಯಲ್ಲಿ ಜೀವವಿಲ್ಲ, ಪಾಯಸ ಅಡಿ ಹಿಡಿದರೆ ಗ್ಯಾಸ್ ತಂದವನು ಕೆಟ್ಟವನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ವಸಂತಕುಮಾರನಿಗೆ ಕುಣಿಯಲು ಚೆನ್ನಾಗಿಯೇ ಬರುತ್ತಿತ್ತು, ಆದರೂ ನೆಲ ಅವನ ಪಾಲಿಗೆ ಯಾವಾಗಲೂ ಡೊಂಕೇ.

ಅಡುಗೆಯ ಜಾಗದಲ್ಲಿ ಅವನದೊಂದು ಕಟ್ಟಳೆ ಇತ್ತು. ಒಬ್ಬ ಒಲೆಯ ಮೇಲಿಟ್ಟ ಪಾತ್ರೆಗೆ ಇನ್ನೊಬ್ಬ ಕೈ ಹಾಕಬಾರದು. ಒಮ್ಮೆ ಊರಿನವರ ಸಂಘದ ಸತ್ಯನಾರಾಯಣ ಪೂಜೆಯ ದಿನ ಅಧ್ಯಕ್ಷ ಮಧ್ವರಾಜರ ಹೆಂಡತಿ ಜಯಲತಾ ಸಾಂಬಾರಿನ ರುಚಿ ನೋಡಿ, ಸಪ್ಪೆ ಎನಿಸಿ, ತಾನೇ ಒಂದು ಮುಷ್ಟಿ ಉಪ್ಪು ಹಾಕಿಬಿಟ್ಟರು. ಸಾಂಬಾರು ಕಡಲ ನೀರಾಯಿತು. ವಸಂತಕುಮಾರ ಇನ್ನೂರು ಜನರೆದುರು ಸೌಟು ಎತ್ತಿ, "ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುದು, ಹಾಳಾದ ಮೇಲೆ ಅಡುಗೆಯವನನ್ನು ದೂರುದು! ಇದು ನಿಮ್ಮ ಮನೆಯ ಚಾ ಪಾತ್ರೆಯಾ?" ಎಂದು ಕೂಗಾಡಿದ. ಆಕೆ ಊಟ ಮಾಡದೆ ಮನೆಗೆ ಹೋದರು. ಮಧ್ವರಾಜರು ದೊಡ್ಡ ಮನುಷ್ಯರು, ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆದರೆ ಆ ಮಾತು ಸಂಘದಲ್ಲಿ ಗಾದೆಯ ಹಾಗೆ ಉಳಿಯಿತು. ಯಾರಾದರೂ ತಮಗೆ ಸಂಬಂಧವಿಲ್ಲದ್ದಕ್ಕೆ ತಲೆಹಾಕಿದರೆ, "ಇದು ನಿಮ್ಮ ಮನೆಯ ಚಾ ಪಾತ್ರೆಯಾ?" ಎಂದು ನಗುತ್ತಿದ್ದರು. ವಸಂತಕುಮಾರನಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ.

೨೦೦೭ರಲ್ಲಿ ಅವನು ಠಾಣೆಯ ಡಾಕ್ಟರೊಬ್ಬರಿಂದ ಹಳೆಯ ಫಿಯಾಟ್ ಕೊಂಡ. ಹತ್ತೊಂಬತ್ತು ವರ್ಷದ ಗಾಡಿ, ಬಿಳಿ ಬಣ್ಣ, ಹಿಂದಿನ ಬಾಗಿಲು ಎತ್ತಿ ತಳ್ಳಿದರೆ ಮಾತ್ರ ಹಾಕಿಕೊಳ್ಳುತ್ತಿತ್ತು. ಅವನ ವಂಶದಲ್ಲಿ ಕಾರು ಕಂಡದ್ದು ಅವನೇ ಮೊದಲು. ಹಿಂದಿನ ಸೀಟಿನಲ್ಲಿ ಸೌಟು, ಜಾಲರಿ, ಮಸಾಲೆಯ ಡಬ್ಬಗಳು. ಮುಂದೆ ಹೆಂಡತಿ ಉಮಾವತಿ. ಹೀಗೆ ಕಲ್ಯಾಣದಿಂದ ನವಿ ಮುಂಬಯಿಯವರೆಗೆ ಓಡಾಟ.

ಎರಡನೆಯ ವರ್ಷದ ಮಳೆಗಾಲ ಮುಗಿದ ಮೇಲೆ ಗಾಡಿಯ ಕೆಳಗೆ ನೀರು ತೊಟ್ಟಿಕ್ಕತೊಡಗಿತು. ಶೀಳ್‌ಫಾಟಾದಲ್ಲಿ ನಿಲ್ಲಿಸಿ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದಾಗ ಪಕ್ಕದ ಟೆಂಪೋ ಚಾಲಕನೊಬ್ಬ ಬಗ್ಗಿ ನೋಡಿ, "ಸೇಠ್, ಹಲ್ದೀ ಡಾಲೋ. ಘರ್ ತಕ್ ಪಹುಂಚ್ ಜಾಓಗೇ" ಎಂದ. ಇದು ಸುಳ್ಳೇನಲ್ಲ. ಲಾರಿಯವರು ಹೆದ್ದಾರಿಯಲ್ಲಿ ಸಿಕ್ಕಿಬಿದ್ದಾಗ ಮಾಡುವ ಉಪಾಯವೇ ಅದು. ಅರಿಶಿನ ಪುಡಿ ಬಿಸಿ ನೀರಿನಲ್ಲಿ ಉಬ್ಬಿ ಸಣ್ಣ ತೂತಿಗೆ ಕಚ್ಚಿಕೊಂಡು ಕೂರುತ್ತದೆ. ಆದರೆ ಅದಕ್ಕೊಂದು ಅಳತೆ ಇದೆ, ಒಂದೋ ಎರಡೋ ಚಮಚ. ಮನೆ ತಲುಪಿದ ಮೇಲೆ ನೀರು ಚೆಲ್ಲಿ, ತೊಳೆದು, ತೂತಿಗೆ ಸರಿಯಾಗಿ ಬೆಸುಗೆ ಹಾಕಿಸಬೇಕು. ಟೆಂಪೋದವನು ಹೇಳಿದ್ದು 'ಮನೆಯವರೆಗೆ' ಎಂದು. ವಸಂತಕುಮಾರನ ಕಿವಿಗೆ ಬಿದ್ದದ್ದು 'ಹಲ್ದೀ' ಮಾತ್ರ.

ಅರಿಶಿನ ಅವನ ಹಿಂದಿನ ಸೀಟಿನಲ್ಲೇ ಇತ್ತು, ಎರಡು ಕಿಲೋ ಡಬ್ಬ. ನೂರು ಜನರ ಸಾಂಬಾರಿಗೆ ಹಾಕುವಷ್ಟನ್ನು ಅಂದಾಜಿನಲ್ಲಿ ಎತ್ತಿ ಸುರಿದ. ತೊಟ್ಟಿಕ್ಕುವುದು ನಿಂತಿತು. ಅಬ್ಬಾ, ಎಂಥ ಸಂತೋಷ! ಹದಿನೈದು ದಿನಕ್ಕೆ ಮತ್ತೆ ಒಂದು ಹನಿ ಕಂಡಾಗ ಮತ್ತೊಂದು ಸೌಟು. ದೀಪಾವಳಿಯ ನಂತರ ಇನ್ನೊಂದು, ಏನೂ ಕಾಣದಿದ್ದರೂ, ಮುಂಜಾಗ್ರತೆಗೆ. ಉಮಾವತಿಗೂ ಹೇಳಲಿಲ್ಲ. ಮೆಕ್ಯಾನಿಕ್ಕಿನ ಹಂಗಿಲ್ಲದೆ ತಾನೇ ಗಾಡಿ ರಿಪೇರಿ ಮಾಡಿದೆ ಎಂದು ಮೀಸೆ ಸವರಿಕೊಂಡ.

ಚಳಿಗಾಲ ಕಳೆಯುವ ಹೊತ್ತಿಗೆ ಗಾಡಿ ಬಿಸಿಯಾಗಲು ಶುರುವಾಯಿತು. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹತ್ತುತ್ತಿತ್ತು. ಅಷ್ಟರಲ್ಲಿ ಮಗಳು ಪೂಜಿತಾಳ ಸಂಬಂಧ ಕೂಡಿಬಂದಿತ್ತು. ಹುಡುಗ ಕೌಶಲ್, ನವಿ ಮುಂಬಯಿಯ ಸೀವುಡ್ಸಿನವರು, ಮಧ್ವರಾಜರ ದೂರದ ನೆಂಟರು. ಮಾರ್ಚ್ ಎರಡನೆಯ ಭಾನುವಾರ ಅಲ್ಲಿಯ ಮದುವೆ ಹಾಲಿನಲ್ಲಿ ನಿಶ್ಚಿತಾರ್ಥ. ಅದಕ್ಕೆ ಮೊದಲು ಗಾಡಿ ಸರಿಯಾಗಬೇಕೆಂದು ಅವನು ಠಾಣೆಯ ಪಕ್ಕದ ಕಳವಾ ಎಂಬಲ್ಲಿದ್ದ ಪೂವಪ್ಪನ ಶೆಡ್ಡಿಗೆ ಹೋದ.

ಡೊಂಬಿವಲಿಯಲ್ಲಿ ಗ್ಯಾರೇಜಿಗೇನು ಬರವೇ? ಆದರೂ ಅಷ್ಟು ದೂರ ಯಾಕೆಂದರೆ ಪೂವಪ್ಪ ನಮ್ಮವ. ಬೆಳ್ತಂಗಡಿ ಕಡೆಯವನು. ಊರಿನವರೆಲ್ಲ ಹೋಟೆಲು ಹಿಡಿದರೆ ಇವನೊಬ್ಬ ಸ್ಪಾನರ್ ಹಿಡಿದಿದ್ದ. ರೈಲ್ವೆ ಕಾರ್‌ಶೆಡ್ಡಿನ ಹಿಂದಿನ ಗಲ್ಲಿಯಲ್ಲಿ ತಗಡಿನ ಮಾಡು, ಎರಡು ಗಾಡಿ ನಿಲ್ಲುವಷ್ಟು ಜಾಗ. ಬಾನೆಟ್ ಎತ್ತುವ ಮೊದಲು ಪೂವಪ್ಪ ಬೀಡಿ ಆರಿಸಿ, ಗಾಡಿಯ ಯಜಮಾನನನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದ. ರೋಗಿಯ ಬಾಯಲ್ಲಿ ಅರ್ಧ ರೋಗ ಗೊತ್ತಾಗುತ್ತದೆ ಎನ್ನುವುದು ಅವನ ನಂಬಿಕೆ.

ಅಂದು ಶೆಡ್ಡಿನಲ್ಲಿ ಮಧ್ವರಾಜರೂ ಇದ್ದರು. ವಾಶಿ, ಸೀವುಡ್ಸ್‌ಗಳಲ್ಲಿ ಅವರ ಎರಡು ಹೋಟೆಲು, ನಾಲ್ಕು ಟೆಂಪೋ. ಒಂದನ್ನು ಪೂವಪ್ಪನಿಗೆ ಕೊಟ್ಟು ನೋಡಿದ್ದರು, ಕೆಲಸ ಹಿಡಿಸಿತ್ತು. ಇನ್ನು ಮೇಲೆ ನಾಲ್ಕೂ ಇಲ್ಲಿಗೇ ಎಂದು ಹೇಳುತ್ತ ಚಹಾ ಕುಡಿಯುತ್ತಿದ್ದರು. ವಸಂತಕುಮಾರನನ್ನು ಕಂಡು, "ಬನ್ನಿ ಬನ್ನಿ, ಬೀಗರೇ!" ಎಂದರು.

ಪೂವಪ್ಪ ಕೇಳಿದ, "ಮೊದಲು ಬಿಸಿ ಆದದ್ದು ಎಲ್ಲಿ, ವಸಂತಣ್ಣ? ಏರಿನಲ್ಲಾ, ನಿಂತಲ್ಲಾ?"

"ನಿಂತಲ್ಲಿ. ಮತ್ತೆ ಏರಿನಲ್ಲೂ."

"ನೀರು ಎಲ್ಲಿಯಾದ್ರೂ ಸೋರ್ತದಾ?"

"ಇಲ್ಲ."

"ಒಳಗೆ ಏನಾದ್ರೂ ಹಾಕಿದ್ದುಂಟಾ? ನೀರು ಬಿಟ್ಟು ಬೇರೆ ಎಂತಾದ್ರೂ?"

ವಸಂತಕುಮಾರ ಬಾಯಿ ತೆರೆದ. ಅಷ್ಟರಲ್ಲಿ ಮಧ್ವರಾಜರ ಮುಖ ಕಂಡಿತು. ಉಪ್ಪು ಹಾಕಿದ್ದಕ್ಕೆ ಯಾರ ಹೆಂಡತಿಯ ಮರ್ಯಾದೆ ತೆಗೆದಿದ್ದನೋ ಅವರೆದುರು, ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಿ ಇಂಜಿನ್ನಿಗೆ ಅರಿಶಿನ ಸುರಿದೆ ಎಂದು ಹೇಳುವುದು ಹೇಗೆ? ನಾಳೆ ಇಡೀ ಸಂಘ, "ಇದು ನಿಮ್ಮ ಮನೆಯ ಸಾಂಬಾರ್ ಹಂಡೆಯಾ?" ಎಂದು ಕೇಳುವುದಿಲ್ಲವೇ?

"ಏನಿಲ್ಲಪ್ಪ," ಎಂದ. "ನೀರು ಮಾತ್ರ."

ಪೂವಪ್ಪ ಕೆಲಸಕ್ಕೆ ತೊಡಗಿದ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಥರ್ಮೋಸ್ಟ್ಯಾಟ್ ಬಿಚ್ಚಿ ತೆಗೆದು, ಚಹಾದಂಗಡಿಯಿಂದ ಕುದಿಯುವ ನೀರು ತರಿಸಿ, ಅದರಲ್ಲಿ ಮುಳುಗಿಸಿ, ಬಾಯಿ ಬಿಡುತ್ತದೋ ಇಲ್ಲವೋ ಎಂದು ಬಗ್ಗಿ ಕೂತು ಕಾದ. ಅರ್ಧ ಮಾತ್ರ ಬಿಟ್ಟಿತು. ವಾಟರ್ ಪಂಪನ್ನು ಅಲ್ಲಾಡಿಸಿ, "ಇದೂ ಸವೆದಿದೆ" ಎಂದ. ಕೊನೆಗೆ ರೇಡಿಯೇಟರಿನ ನೀರನ್ನು ಬಕೆಟಿಗೆ ಬಿಟ್ಟ. ಹಳೆಯ ಗಾಡಿಯ ತುಕ್ಕು ನೀರು, ಚಹಾದ ಬಣ್ಣ. ಅವನು ಒಂದು ಬೊಗಸೆ ತೆಗೆದು ಮೂಗಿನ ಹತ್ತಿರ ಹಿಡಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಏನೂ ಕೇಳದಿದ್ದರೂ ವಸಂತಕುಮಾರ ಹೇಳಿಬಿಟ್ಟ: "ರೇಡಿಯೇಟರ್ ನೋಡೂದು ಬೇಡ ಪೂವಪ್ಪಣ್ಣ. ಅದನ್ನು ಹೋದ ತಿಂಗಳಷ್ಟೇ ವಾಶಿಯಲ್ಲಿ ಬಿಚ್ಚಿಸಿ ತೊಳೆಸಿದ್ದೇನೆ."

ಪೂವಪ್ಪ ಅವನ ಮುಖವನ್ನು ಒಂದು ಗಳಿಗೆ ನೋಡಿದ. "ಹೌದಾ? ಹಾಗಾದ್ರೆ ಸರಿ," ಎಂದು ನೀರು ಚೆಲ್ಲಿದ.

ಎರಡು ದಿನ ಗಾಡಿ ಅಲ್ಲೇ ಇತ್ತು. ಹೊಸ ಪಂಪು, ಹೊಸ ಥರ್ಮೋಸ್ಟ್ಯಾಟ್, ಹೊಸ ರಬ್ಬರ್ ಪೈಪು. ಬೆಳಗಿನ ತಂಪಿನಲ್ಲಿ ಕಳವಾದಿಂದ ಡೊಂಬಿವಲಿಗೆ ಬರುವಾಗ ಮುಳ್ಳು ಅರ್ಧಕ್ಕಿಂತ ಮೇಲೆ ಹೋಗಲಿಲ್ಲ. ಸರಿಯಾಯಿತೆಂದು ವಸಂತಕುಮಾರ ತನ್ನನ್ನು ತಾನೇ ನಂಬಿಸಿಕೊಂಡ.

ನಿಶ್ಚಿತಾರ್ಥದ ದಿನ ಅಡುಗೆಯವರು, ಪಾತ್ರೆಗಳು ಮುಂಚೆಯೇ ಟೆಂಪೋದಲ್ಲಿ ಹೋಗಿದ್ದವು. ಫಿಯಾಟಿನಲ್ಲಿ ಅವನು, ಉಮಾವತಿ, ರೇಷ್ಮೆ ಸೀರೆ ಉಟ್ಟ ಪೂಜಿತಾ, ಹಿಂದೆ ಹಣ್ಣಿನ ಬುಟ್ಟಿ, ಡಿಕ್ಕಿಯಲ್ಲಿ ಮೂರು ಡಬ್ಬ ಲಾಡು. ಶೀಳ್‌ಫಾಟಾ ದಾಟಿ ಮಹಾಪೆಯ ಕಡೆ ಗುಡ್ಡ ಹತ್ತುವ ರಸ್ತೆ. ಅರ್ಧ ಏರಿನಲ್ಲಿ ಬಾನೆಟ್ಟಿನ ಸಂದಿನಿಂದ ಹಬೆ ಬುಸ್ಸೆಂದು ಎದ್ದಿತು. ಗಾಡಿ ನಿಂತಿತು.

"ಪಪ್ಪಾ, ಫಿರ್ ಸೇ?" ಎಂದಳು ಪೂಜಿತಾ, ಮತ್ತೆ ಕೆಟ್ಟಿತೇ ಎಂದು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ತುಳು ಎರಡೂ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಂತರು. ರಿಕ್ಷಾ ಇಲ್ಲ. ಕೊನೆಗೆ ವಾಶಿ ಮಾರ್ಕೆಟಿಗೆ ಕೋಸು ಒಯ್ಯುವ ಟೆಂಪೋವೊಂದು ನಿಂತಿತು. ಚಾಲಕನ ಪಕ್ಕ ಉಮಾವತಿ ಮತ್ತು ಪೂಜಿತಾ ಒತ್ತಿಕೊಂಡು ಕೂತರು. ವಸಂತಕುಮಾರ ಲಾಡಿನ ಡಬ್ಬಗಳ ಜೊತೆ ಹಿಂದೆ ಕೋಸಿನ ಚೀಲಗಳ ಮೇಲೆ. ಹಾಲಿನೆದುರು ಅವರು ಇಳಿದಾಗ ಮುಹೂರ್ತ ಮೀರಿ, ರಾಹುಕಾಲ ಶುರುವಾಗಿ, ಪುರೋಹಿತರು ಎರಡನೆಯ ಸಲ ಗಡಿಯಾರ ನೋಡಿದ್ದರು. ಗಂಡಿನ ಕಡೆಯ ನೂರು ಜನ ಬಾಗಿಲಿಗೆ ಬಂದು ನೋಡಿದರು. ಮದುಮಗಳ ಸೀರೆಯ ಅಂಚಿಗೆ ಕೋಸಿನ ಒಣ ಎಲೆ ಅಂಟಿಕೊಂಡಿತ್ತು. ಯಾರೋ ಕಿಸಕ್ಕೆಂದು ನಕ್ಕರು.

ಆ ನಗು ಕೇಳಿದ್ದೇ ವಸಂತಕುಮಾರನ ಬಾಯಿ ತೆರೆದುಕೊಂಡಿತು.

"ಎಂತ ಮಾಡೂದು ಮಾರಾಯ್ರೆ, ಆ ಪೂವಪ್ಪನ ಕೈಗೆ ಗಾಡಿ ಕೊಟ್ಟದ್ದೇ ನನ್ನ ತಪ್ಪು! ಎರಡು ದಿನ ಇಟ್ಟುಕೊಂಡ. ಹಳೇ ಗುಜರಿ ಸಾಮಾನು ಹಾಕಿ ಹೊಸದು ಅಂತ ಹೇಳಿದ್ದಾನೆ. ನಮ್ಮವ, ನಮ್ಮವ ಅಂತ ಹೋದರೆ ನಮ್ಮವನೇ ಕುತ್ತಿಗೆ ಕೊಯ್ಯೂದು. ಕಳ್ಳ ಅವ!"

ಮೂರು ದಿನದ ಹಿಂದೆ 'ಪೂವಪ್ಪಣ್ಣ' ಆಗಿದ್ದವನು ಒಂದೇ ಉಸಿರಿಗೆ 'ಅವ' ಆದ, ಕಳ್ಳನೂ ಆದ. ಮಧ್ವರಾಜರು ಅಲ್ಲೇ ನಿಂತಿದ್ದರು. "ಹೌದಾ? ನಾನು ನಾಲ್ಕೂ ಟೆಂಪೋ ಕೊಡುವ ಅಂತಿದ್ದೆ. ಒಳ್ಳೇದಾಯ್ತು ನೀವು ಹೇಳಿದ್ದು," ಎಂದರು. ಕನಿಕರದಿಂದ ನಾಲ್ಕು ಜನ ಅವನ ಬೆನ್ನು ತಟ್ಟಿದರು. ಕೋಸಿನ ಟೆಂಪೋದ ನಗು ಅಲ್ಲಿಗೆ ನಿಂತುಹೋಯಿತು.

ಆಗ ಅವನಿಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದೂ ಸುಳ್ಳೇ. ಗುಡ್ಡದ ಮೇಲೆ ಹಬೆ ಎದ್ದಾಗ ಅದರಲ್ಲಿ ಅವನಿಗೆ ಬೆಂದ ಅರಿಶಿನದ ವಾಸನೆ ಬಂದಿತ್ತು. ಮೂವತ್ತು ವರ್ಷ ಒಲೆಯೆದುರು ನಿಂತವನ ಮೂಗು.

ಮರುದಿನ ಗಾಡಿಯನ್ನು ಕಟ್ಟಿಸಿ ಎಳೆಸಿಕೊಂಡು ಕಲ್ಯಾಣದ ಒಬ್ಬ ಮರಾಠಿ ಮೆಕ್ಯಾನಿಕ್ಕಿನ ಹತ್ತಿರ ಒಯ್ದ. ಆತ ಪ್ರಶ್ನೆ ಕೇಳುವ ಗೋಜಿಗೆ ಹೋಗದೆ, ನೀರು ತುಂಬಿ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ರೇಡಿಯೇಟರನ್ನು ಕೈಯಿಂದ ಸವರಿ, "ಮೇಲೆ ಸುಡುತ್ತೆ, ಕೆಳಗೆ ತಣ್ಣಗಿದೆ" ಎಂದು ಹಿಂದಿಯಲ್ಲಿ ಹೇಳಿ, ಬಿಚ್ಚಿ, ತಲೆಕೆಳಗೆ ಮಾಡಿ ತಟ್ಟಿದ. ಹಳದಿ ರಾಡಿ ಹಿಟ್ಟಿನಂತೆ ಇಳಿಯಿತು. ಆತ ಗಲ್ಲಿಗೆಲ್ಲ ಕೇಳುವಂತೆ ನಕ್ಕ: "ಕಾಯ್ ಹೋ ಶೇಠ್, ಗಾಡೀಚೀ ಹಳದ್ ಕೇಲೀ ಕಾ?" ಮದುವೆಯ ಮೊದಲು ಮದುಮಗಳಿಗೆ ಅರಿಶಿನ ಹಚ್ಚುವ ಶಾಸ್ತ್ರವನ್ನು ಗಾಡಿಗೂ ಮಾಡಿದಿರಾ ಎಂದು. ಪಕ್ಕದ ಅಂಗಡಿಯವರೂ ಬಂದು ನೋಡಿ ನಕ್ಕರು. ವಸಂತಕುಮಾರನೂ ನಕ್ಕ.

ರಾಡಿ ಕೆರೆದು ತೆಗೆಯುತ್ತ ಆತ ಪಂಪಿನ ಕಡೆ ಬೆರಳು ತೋರಿಸಿದ. "ಇದನ್ನು ಯಾರು ಹಾಕಿದ್ದು? ಹೊಚ್ಚ ಹೊಸ ಮಾಲು. ಕೈ ಚೆನ್ನಾಗಿದೆ."

ವಸಂತಕುಮಾರನ ನಗು ಅಲ್ಲಿಗೆ ಬತ್ತಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಇವನಿಗೆ ಬುದ್ಧಿ ಬಂದರೂ ಬಾಯಿ ಬರಲಿಲ್ಲ. ಮೇ ತಿಂಗಳಲ್ಲಿ ಮದುವೆ ಇದೆ, ಈಗ ಬೇಡ ಎಂದುಕೊಂಡ. ಮದುವೆ ಮುಗಿಯಿತು. ಮಗಳು ಆ ಮನೆಯಲ್ಲಿ ಹೊಸಬಳು, ಅಪ್ಪ ಸುಳ್ಳ ಎಂದರೆ ಅವಳಿಗೆ ಕೇಡು ಎಂದುಕೊಂಡ. ಹೀಗೆ ಮಳೆಗಾಲವೂ ಹೋಯಿತು.

ಆಡಿದ ಮಾತು ಮಾತ್ರ ತನ್ನ ಕೆಲಸ ಮಾಡುತ್ತಲೇ ಇತ್ತು. ಸಂಘದವರ ಗಾಡಿಗಳು ಒಂದೊಂದಾಗಿ ಕಳವಾಕ್ಕೆ ಹೋಗುವುದು ನಿಂತಿತು. ಒಂದು ಸಲ ಠಾಣೆ ಸ್ಟೇಷನ್ನಿನಲ್ಲಿ ಪೂವಪ್ಪ ಎದುರು ಸಿಕ್ಕ. ವಸಂತಕುಮಾರ ತಲೆ ತಗ್ಗಿಸಿ ದಾಟಬೇಕೆನ್ನುವಷ್ಟರಲ್ಲಿ, "ವಸಂತಣ್ಣ, ಗಾಡಿ ಹೇಗುಂಟು?" ಎಂದು ಕೇಳಿಯೇಬಿಟ್ಟ.

"ಚೆನ್ನಾಗುಂಟು."

"ಬಿಸಿ ಆಗೂದಿಲ್ಲ ಅಲ್ವಾ?"

"ಇಲ್ಲ."

"ಒಳ್ಳೇದಾಯ್ತು," ಎಂದು ಪೂವಪ್ಪ ರೈಲು ಹತ್ತಿದ. ಆ ಸಂಜೆ ವಸಂತಕುಮಾರನಿಗೆ ಊಟ ಸೇರಲಿಲ್ಲ. ಏನಾಯಿತೆಂದು ಕೇಳಿದ ಉಮಾವತಿಗೆ, ಮೊದಲ ಸಲ, ಎಲ್ಲವನ್ನೂ ಹೇಳಿದ. ಅವಳು ಬಯ್ಯಲಿಲ್ಲ. "ಆ ಮನುಷ್ಯನ ಹೆಸರು ಹಾಳು ಮಾಡಿ ನೀವು ಎಂಟು ತಿಂಗಳು ಹೇಗೆ ಉಂಡಿರಿ?" ಎಂದು ಮಾತ್ರ ಕೇಳಿದಳು. ಅದಕ್ಕಿಂತ ಬೈದಿದ್ದರೆ ವಾಸಿ ಇತ್ತು.

ನವೆಂಬರಿನ ಒಂದು ಮಧ್ಯಾಹ್ನ ಲೋಕಲ್ ಹಿಡಿದು ಕಳವಾಕ್ಕೆ ಹೋದ. ಶೆಡ್ಡಿನಲ್ಲಿ ಒಂದೇ ಒಂದು ಸ್ಕೂಟರು. ಪೂವಪ್ಪ ಹಳೆಯ ಟಯರಿನ ಮೇಲೆ ಕೂತು ಪೇಪರು ಓದುತ್ತಿದ್ದ. ಇವನನ್ನು ಕಂಡು ಎದ್ದು, ಬೆಂಚಿನ ಮೇಲಿನ ಗ್ರೀಸನ್ನು ಬಟ್ಟೆಯಿಂದ ಒರೆಸಿ ಜಾಗ ಮಾಡಿಕೊಟ್ಟ.

ವಸಂತಕುಮಾರ ಕೂರಲಿಲ್ಲ. ನಿಂತೇ ಹೇಳಿದ. ಅರಿಶಿನ ಹಾಕಿದ್ದು, ವಾಶಿಯಲ್ಲಿ ತೊಳೆಸಿದೆ ಎಂದದ್ದು, ಹಾಲಿನಲ್ಲಿ ಆಡಿದ್ದು. ಹೇಳಿ ಮುಗಿಸುವಾಗ ಕಣ್ಣು ತುಂಬಿತ್ತು.

"ಅರಿಶಿನದ್ದು ನನಗೆ ಗೊತ್ತಿತ್ತಲ್ಲ," ಎಂದ ಪೂವಪ್ಪ. "ನೀರು ತೆಗೆದಾಗಲೇ ವಾಸನೆ ಬಂತು."

"ಗೊತ್ತಿತ್ತಾ? ಮತ್ತೆ ಯಾಕೆ ಬಿಚ್ಚಲಿಲ್ಲ?"

"ನೀವು ತೊಳೆಸಿದ್ದೇನೆ ಅಂದ್ರಲ್ಲ. ತೊಳೆದ ಮೇಲೆ ಉಳಿದ ವಾಸನೆ ಅಂತ ಎಣಿಸಿದೆ. ಹಾಕಿದ್ದನ್ನು ಹೇಳ್ಲಿಕ್ಕೆ ನಾಚಿಕೆ ಆಗಿರ್ಬೇಕು, ಮಧ್ವರಾಜಣ್ಣ ಬೇರೆ ಎದುರು ಇದ್ರು. ಹಾಗೆ ನಾನೂ ಮತ್ತೆ ಕೇಳ್ಲಿಲ್ಲ."

ತನ್ನ ಮರ್ಯಾದೆಯನ್ನು ಅಂದು ಕಾಪಾಡಿದವನ ಮರ್ಯಾದೆಯನ್ನೇ ತಾನು ಮೂರು ದಿನದ ನಂತರ ತೆಗೆದದ್ದು ಎಂದು ವಸಂತಕುಮಾರನಿಗೆ ಆಗ ತಿಳಿಯಿತು. ನೆಲ ಬಾಯಿಬಿಡಬಾರದೇ ಎನಿಸಿತು. ಪೂವಪ್ಪನ ಕಾಲು ಮುಟ್ಟಲು ಬಗ್ಗಿದ.

ಪೂವಪ್ಪ ಹಿಂದೆ ಸರಿದ. "ಇದೆಲ್ಲ ಬೇಡ. ಇಲ್ಲಿ ಹೇಳಿದ್ರೆ ನನಗೆ ಗೊತ್ತಿದ್ದದ್ದನ್ನೇ ನನಗೆ ಹೇಳಿದ ಹಾಗಾಯ್ತು. ಎಲ್ಲಿ ಕಳ್ಳ ಅಂದ್ರೋ ಅಲ್ಲಿ ಹೇಳಿ, ಅಲ್ಲ ಅಂತ." ಮತ್ತೆ ಹೇಳಿದ, "ಡಿಸೆಂಬರ್ ಕೊನೆಗೆ ಶೆಡ್ ಬಿಡ್ಬೇಕಾಗ್ತದೆ. ಮಧ್ವರಾಜಣ್ಣನ ಟೆಂಪೋ ಬಂದ್ರೆ ಉಳಿಸಿಕೊಳ್ಬಹುದು. ಅದಕ್ಕೆ ಹೇಳಿದೆ, ಬೇರೆ ಏನಿಲ್ಲ."

ರೈಲಿನಲ್ಲಿ ವಾಪಸು ಬರುವಾಗಲೇ ಮಧ್ವರಾಜರಿಗೆ ಫೋನ್ ಮಾಡಬೇಕೆಂದು ಮೊಬೈಲ್ ತೆಗೆದ. ನಂಬರೂ ಒತ್ತಿದ. ಮತ್ತೆ, ಪೂವಪ್ಪ ಹೇಳಿದ್ದು ಆಡಿದ ಜಾಗದಲ್ಲೇ ಹೇಳಿ ಎಂದಲ್ಲವೇ, ಫೋನಿನಲ್ಲಿ ಹೇಳಿದರೆ ಅದು ಹೇಳಿದ ಹಾಗಲ್ಲ ಎಂದು ನ್ಯಾಯ ತೆಗೆದು ಕಟ್ ಮಾಡಿದ. ಪೂಜಿತಾ ಬಸುರಿ, ಹೊಸ ವರ್ಷಕ್ಕೆ ಏಳು ತಿಂಗಳು ತುಂಬುವುದಿತ್ತು. ಜನವರಿಯ ಎರಡನೆಯ ಭಾನುವಾರ ಗಂಡನ ಮನೆಯವರು ಸೀಮಂತ ಇಟ್ಟಿದ್ದರು. ಅದೇ ಹಾಲು, ಅದೇ ಜನ. ಅಲ್ಲಿ ಹೇಳುವುದೇ ಸರಿ. ಡಿಸೆಂಬರಿನಲ್ಲಿ ಸಂಘದ ಮಾಸಿಕ ಸಭೆ ಬಂತು. ಮಧ್ವರಾಜರು ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿಂದರು. ವಸಂತಕುಮಾರ ಅವರಿಗೆ ಎರಡನೆಯ ಸಲ ಬಡಿಸಿದ, ಚಹಾ ಕೊಟ್ಟ, ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟು ಬಂದ.

ಸೀಮಂತಕ್ಕೆ ಐದು ದಿನ ಇರುವಾಗ, ಭಾನುವಾರ ಹೇಳುತ್ತೇನೆಂದು ಪೂವಪ್ಪನಿಗೆ ತಿಳಿಸಲು ಮತ್ತೆ ಕಳವಾಕ್ಕೆ ಹೋದ. ತಗಡಿನ ಮಾಡಿನ ಕೆಳಗೆ ಬೇರೆ ಯಾರೋ ಸಿಮೆಂಟಿನ ಚೀಲ ಒಟ್ಟುತ್ತಿದ್ದರು. ಪಕ್ಕದ ಚಹಾದಂಗಡಿಯವನು, ಪೂವಪ್ಪ ತಳೋಜಾದಲ್ಲಿ ಡಂಪರ್ ರಿಪೇರಿ ಮಾಡುವವರ ಹತ್ತಿರ ಕೆಲಸಕ್ಕೆ ಸೇರಿದ್ದಾನೆಂದು ಹೇಳಿದ. ಅರವತ್ತು ದಾಟಿದ ಮನುಷ್ಯ, ಬೇರೆಯವರ ಕೈಕೆಳಗೆ.

ಇನ್ನು ಹೇಳಿ ಏನು ಉಪಯೋಗ ಎಂಬ ಯೋಚನೆ ಬರದೆ ಇರಲಿಲ್ಲ. ಬಂತು, ಬಹಳ ಹಿತವಾಗಿಯೇ ಬಂತು. ಶೆಡ್ಡಂತೂ ಹೋಯಿತು, ಮಗಳ ಸೀಮಂತದಲ್ಲಿ ಯಾಕೆ ಅಪಸ್ವರ ಎಂದು. ಆ ಯೋಚನೆಯ ಹಿತವೇ ಅವನಿಗೆ ಹೇಸಿಗೆ ತಂದಿತು.

ಭಾನುವಾರ ಹಾಲಿನಲ್ಲಿ ಪೂಜಿತಾ ಹಸಿರು ಬಳೆ ತೊಟ್ಟು, ಮಲ್ಲಿಗೆ ಮುಡಿದು ಅಲಂಕಾರದ ಕುರ್ಚಿಯಲ್ಲಿ ಕೂತಿದ್ದಳು. ಮೊದಲ ಪಂಕ್ತಿಗೆ ಎಲೆ ಹಾಕಿ, ಅನ್ನ ಸಾಂಬಾರು ಬಡಿಸಿಯಾಗಿತ್ತು. ಮಧ್ವರಾಜರು, ಜಯಲತಾ, ಕೌಶಲನ ಮನೆಯವರು, ಸಂಘದವರು ಎಲ್ಲರೂ ಸಾಲಿನಲ್ಲಿದ್ದರು. ವಸಂತಕುಮಾರ ಹೆಗಲಿನ ಬೈರಾಸು ತೆಗೆದು ಕೈಯಲ್ಲಿ ಹಿಡಿದು ನಡುವೆ ನಿಂತ.

"ಒಂದು ಮಾತು ಹೇಳ್ಬೇಕು. ಹೋದ ವರ್ಷ ಇಲ್ಲೇ, ನನ್ನ ಗಾಡಿ ದಾರಿಯಲ್ಲಿ ಕೆಟ್ಟದ್ದು ಪೂವಪ್ಪಣ್ಣನಿಂದ ಅಂದೆ. ಅಲ್ಲ. ನಾನೇ ರೇಡಿಯೇಟರಿಗೆ ಅರಿಶಿನ ಹಾಕಿದ್ದೆ. ಮೂರು ಸೌಟು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಇಡೀ ಪಂಕ್ತಿ ನಗತೊಡಗಿತು. ಮಧ್ವರಾಜರಿಗೆ ನಕ್ಕು ನಕ್ಕು ಕೆಮ್ಮು ಬಂತು. "ಒಗ್ಗರಣೆ ಹಾಕ್ಲಿಲ್ವಾ ವಸಂತಣ್ಣ?" ಎಂದು ಯಾರೋ ಕೂಗಿದರು. ಪೂಜಿತಾಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಇ‍ಷ್ಟಕ್ಕೇ ನಿಲ್ಲಿಸಿದ್ದರೆ ಅವನು ಎಲ್ಲರಿಗೂ ಬೇಕಾದ ಪೆದ್ದ ಆಗಿ ಉಳಿಯುತ್ತಿದ್ದ. ಹಾಗೆ ಉಳಿಯಲು ಅವನ ಮನಸ್ಸು ಎಷ್ಟು ಹಾತೊರೆಯಿತೆಂದು ಅವನಿಗೇ ಗೊತ್ತು.

"ನಗ್ಬೇಡಿ," ಎಂದ. "ಅವರು ಕೇಳಿದ್ರು, ಎಂತಾದ್ರೂ ಹಾಕಿದ್ದುಂಟಾ ಅಂತ. ಇಲ್ಲ ಅಂತ ಸುಳ್ಳು ಹೇಳಿದೆ. ತೊಳೆಸಿದ್ದೇನೆ ಅಂತ ಇನ್ನೊಂದು ಸುಳ್ಳು. ಗಾಡಿ ನಿಂತಾಗ ನನಗೆ ಕಾರಣ ಗೊತ್ತಿತ್ತು. ಗೊತ್ತಿದ್ದೇ ಅವರನ್ನು ಕಳ್ಳ ಅಂದೆ. ಅವರು ಹಾಕಿದ್ದೆಲ್ಲ ಹೊಸ ಸಾಮಾನು."

ನಗು ಉಳಿಯಲಿಲ್ಲ. ಕೌಶಲ್ ಎಲೆಯನ್ನೇ ನೋಡುತ್ತ ಕೂತ. ಅವನ ತಾಯಿ ಪೂಜಿತಾಳ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. "ಪಪ್ಪಾ, ಬಸ್," ಎಂದಳು ಪೂಜಿತಾ, ಸಾಕು ಮಾಡಿ ಎನ್ನುವಂತೆ, ಬಹಳ ಸಣ್ಣ ದನಿಯಲ್ಲಿ. ಅವಳ ಕಣ್ಣಲ್ಲಿ ನೀರಿತ್ತು.

ಮಧ್ವರಾಜರು ಕಲಸಿದ ಅನ್ನವನ್ನು ಹಾಗೇ ಬಿಟ್ಟು, "ನಾನು ಆ ಮನುಷ್ಯನ ಫೋನ್ ಕೂಡ ಎತ್ಲಿಲ್ಲ ಮಾರಾಯ್ರೆ," ಎಂದರು. "ನಾಳೆಯೇ ಟೆಂಪೋ ಕಳಿಸ್ತೇನೆ. ನಾಲ್ಕೂ ಕಳಿಸ್ತೇನೆ."

"ಶೆಡ್ ಇಲ್ಲ ಈಗ. ಹೋದ ತಿಂಗಳು ಬಿಟ್ಟರು. ತಳೋಜಾದಲ್ಲಿ ಕೂಲಿಗೆ ಹೋಗ್ತಿದ್ದಾರೆ."

"ಹೋದ ತಿಂಗಳಾ?" ಮಧ್ವರಾಜರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಹಾಗೆ ಕೇಳಿದರು. "ಹೋದ ತಿಂಗಳು ಸಂಘದಲ್ಲಿ ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ ಅಲ್ವಾ ವಸಂತಣ್ಣ? ಯಾಕೆ ಹೇಳ್ಲಿಲ್ಲ?"

ವಸಂತಕುಮಾರ ಬೈರಾಸನ್ನು ಎರಡು ಕೈಯಲ್ಲಿ ಹಿಂಡುತ್ತ ನಿಂತ.

"ಒಳ್ಳೆ ದಿನ ನೋಡ್ತಾ ಇದ್ದೆ," ಎಂದ.